ಅತ್ತೆಯ ಮಡಿಲಲ್ಲಿ ಊರವರ ಟವೆಲ್‌ಗಳು

ಗೆಳತಿಯರೇ, ಇವತ್ತು ಬಳ್ಳಾರಿ ಬಸ್ ನಿಲ್ದಾಣದಲ್ಲಿ ಪವಾಡ ನೋಡಿದೆ! ಸಿರುಗುಪ್ಪದ ಬಸ್ಸು ಬಂದದ್ದೇ ತಡ, ಗಂಡಸರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ಮಂಡಿನೋವಿನ ನಮ್ಮ ಅತ್ತೆ ಅಷ್ಟು ದೂರ ನಿಂತು ಬರಲಾರರು. ಆದರೆ ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದ. “ಮೊದಲು ವಯಸ್ಸಾದವ್ರು, ಕೂಸಿನವ್ರು!”

ಅತ್ತೆ ಹತ್ತಿದರು. “ಅಮ್ಮಾ, ಆ ಟವೆಲ್ಲೆಲ್ಲಾ ತಗದು ನೀವೇ ಇಟ್ಕೊಳ್ರಿ!” ಎಂದು ಕಂಡಕ್ಟರ್ ಕೂಗಿದ.

ಖುಷಿಯಿಂದ ನಾನೂ ಹಿಂದೆಯೇ ಹತ್ತಲು ಹೋದೆ.

“ನೀವು ಗಟ್ಟಿ ಅದೀರಲ್ರೀ, ಪಾಳಿಗೆ ನಿಲ್ರಿ,” ಎಂದು ನನ್ನನ್ನೂ ತಡೆದ.

ನನ್ನ ಪಾಳಿ ಬರುವಷ್ಟರಲ್ಲಿ ಸೀಟೆಲ್ಲ ಭರ್ತಿ. ಪಕ್ಕದಲ್ಲಿ ನಿಂತವನೊಬ್ಬ ಬೇಡಿದ, “ಅಮ್ಮಾ, ಬೆವರು ಒರಸ್ಕೊಂತೀನಿ, ನನ್ನ ಟವೆಲ್ ಕೊಡ್ರಿ.”

“ಇಳಿಯಾಗ ತಗೊಳ್ಳಪ್ಪಾ,” ಎಂದರು ಅತ್ತೆ.

ನಿಯಮ ಅಂದರೆ ನಿಯಮ ಎಂದು ಮನೆಯಲ್ಲಿ ದಿನವೂ ಹೇಳುವವಳು ನಾನು. ಸಿರುಗುಪ್ಪದವರೆಗೂ ನಿಂತೇ ಬಂದೆ.