ಅಜ್ಜಿ ಹೋದ ತಿಂಗಳ ಮಾರ್ಕ್ಸು

ಆ ಹುಡುಗಿಗೆ ಉಯ್ಯಾಲೆ ಎಂದು ಹೆಸರಿಟ್ಟವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಉತ್ತರಪತ್ರಿಕೆ ಹಂಚುವಾಗ ಅವಳ ಸರದಿ ಬಂದರೆ, ಹಾಳೆಯನ್ನು ಎದೆಗವಚಿಕೊಂಡು, "ಈ ಸಲ ಮೇಲೋ ಕೆಳಗೋ, ನೀನೇ ಹೇಳಮ್ಮ" ಎನ್ನುತ್ತಿದ್ದರು. ಅವಳ ಊಹೆ ಒಂದು ಸಲವೂ ಸರಿಹೋಗಲಿಲ್ಲ. ಚೆನ್ನಾಗಿ ಬರೆದೆ ಅಂದುಕೊಂಡದ್ದು ನೆಲ ಕಚ್ಚಿರುತ್ತಿತ್ತು. ಮುಗೀತು ನನ್ನ ಕಥೆ ಅಂದುಕೊಂಡು ಎದ್ದುಬಂದ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದಿರುತ್ತಿದ್ದಳು. ಆ ಹೆಸರು ಹೇಗೋ ಮನೆಯ ಹೊಸ್ತಿಲನ್ನೂ ದಾಟಿಬಂತು.

ಮನೆಯೆಂದರೆ ಮುಂದಿನ ಕೋಣೆಯೆಲ್ಲ ಅಪ್ಪನ ಕಾರ್ಖಾನೆ. ಅಪ್ಪ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಮೈ ಕೊಡುವವರು. ಗೋಡೆಗೊರಗಿಸಿದ ರೆಕ್ಸಿನ್ ಸುರುಳಿಗಳು, ಫೋಮಿನ ಹಾಳೆಗಳು, ಚರ್ಮ ಸುಲಿದ ಪ್ರಾಣಿಗಳಂತೆ ಬರೀ ಮರದ ಅಸ್ಥಿಪಂಜರವಾಗಿ ನಿಂತ ಸೋಫಾಗಳು. ಸಣ್ಣ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದರಿಂದ, ಅವರು ಬೆಳಗಿನ ಹೊತ್ತು ಆಡಿದ ಮಾತು ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಅಮ್ಮ ಹೊಲಿಗೆಯಂತ್ರದ ಹಿಂದಿನಿಂದ ಅನುವಾದಿಸುತ್ತಿದ್ದಳು. ಹಿಂದಿನ ಕೋಣೆ ಅಜ್ಜಿಯದಾಗಿತ್ತು. ಅಪ್ಪನ ಅಮ್ಮ. ಮಂಚದ ಮೇಲಿಂದಲೇ ಕೂಗಿ ಕೂಗಿ ಇಡೀ ಮನೆ ನಡೆಸುತ್ತಿದ್ದಾಕೆ, ಮೊಮ್ಮಗಳು ಹನ್ನೊಂದನೇ ತರಗತಿಗೆ ಸೇರಿದ ವರ್ಷ ಕಾಯಿಲೆ ಬಿದ್ದು ತೀರಿಕೊಂಡಳು.

ಉಯ್ಯಾಲೆಗೆ ಬೇಕಾಗಿದ್ದದ್ದು ಪಟ್ಟಣದ ಆ ಹೆಸರಾಂತ ವಿಜ್ಞಾನ ಕಾಲೇಜು. ಸಾವಿರಾರು ಜನ ಅರ್ಜಿ ಹಾಕಿ, ಬೆರಳೆಣಿಕೆಯಷ್ಟು ಜನ ಒಳಹೋಗುವ ಜಾಗ. ಪ್ರವೇಶ ಪರೀಕ್ಷೆಯಲ್ಲಿ ಅವಳ ಉಯ್ಯಾಲೆ ಮೇಲಿತ್ತು, ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನ ಅಷ್ಟೂ ಮಾರ್ಕ್ಸನ್ನು ಮುಂದಿಟ್ಟುಕೊಂಡು ಕೇಳುತ್ತಾರಂತೆ ಎಂದು ಗೊತ್ತಾದಾಗ ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಒಂಬತ್ತರಲ್ಲಿ ಮೇಲಿದ್ದವಳು ಹತ್ತರಲ್ಲಿ ಬಿದ್ದದ್ದು ಯಾಕೆ? ಹನ್ನೆರಡರಲ್ಲಿ ಗಣಿತ ಅಷ್ಟು ಬಂದು ರಸಾಯನಶಾಸ್ತ್ರ ಇಷ್ಟೇ ಯಾಕೆ? ಅಮ್ಮನ ಪ್ರಕಾರ ಅದಕ್ಕೆ ಕಾರಣ ತಡವಾಗಿ ಕೊಡಿಸಿದ ಕನ್ನಡಕ. ಅಪ್ಪ ಮೊಳೆಗಳ ನಡುವಿನಿಂದ ಏನೋ ಅಂದರು. "ಆಗ ಬಾಗಿಲ ಮುಂದೆ ರಸ್ತೆ ಅಗೀತಿದ್ರಲ್ಲ, ಆ ಸದ್ದಿಗೇ ಅಂತಿದಾರೆ" ಎಂದಳು ಅಮ್ಮ.

ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಚಿಕ್ಕಮ್ಮ ಇದನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡಳು.

"ಕನ್ನಡಕ, ರಸ್ತೆ ಅಂತೆಲ್ಲ ಹೇಳಿದ್ರೆ ನಗ್ತಾರೆ ಅಷ್ಟೆ. ಅಜ್ಜಿ ತೀರ್ಕೊಂಡ್ರು, ಓದಕ್ಕಾಗ್ಲಿಲ್ಲ ಅನ್ನು. ಸುಳ್ಳಾ? ಸುಳ್ಳಲ್ವಲ್ಲ. ಸಾವು ಅಂದ್ಮೇಲೆ ಯಾರೂ ಮರುಮಾತಾಡಲ್ಲ."

"ಅಜ್ಜಿ ಹೋಗಿದ್ದು ಹನ್ನೊಂದರಲ್ಲಿ, ಚಿಕ್ಕಮ್ಮ. ನಾನು ಬಿದ್ದಿದ್ದು ಹತ್ತರಲ್ಲಿ."

"ಒಂದು ವರ್ಷ ಆಚೀಚೆ. ಅವರೇನು ತಾರೀಖು ತಾಳೆ ನೋಡ್ತಾರಾ?"

ಉಯ್ಯಾಲೆಯನ್ನು ಕಾಡುತ್ತಿದ್ದದ್ದು ಒಂದು ವರ್ಷದ ವ್ಯತ್ಯಾಸವಲ್ಲ. ಅಜ್ಜಿ ಆಸ್ಪತ್ರೆಯಲ್ಲಿ ಮಲಗಿ, ಕರಗಿ, ಕೊನೆಗೆ ಇಲ್ಲವಾದ ಆ ಅವಧಿಯ ಪರೀಕ್ಷೆಯಲ್ಲಿ ಅವಳಿಗೆ ಎಲ್ಲ ವಿಷಯದಲ್ಲೂ ತೊಂಬತ್ತರ ಮೇಲೆ ಬಂದಿತ್ತು. ರಸಾಯನಶಾಸ್ತ್ರದಲ್ಲೂ. ಅಂಥದ್ದು ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಮನೆಯಲ್ಲಿ ಎಲ್ಲರೂ ದುಃಖದಲ್ಲಿದ್ದುದರಿಂದ ಆಗ ಯಾರೂ ಮಾರ್ಕ್ಸ್ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಗೆ ಹೇಳುವುದು? ಅಜ್ಜಿ ಕಣ್ಮುಚ್ಚಿದ ವಾರವೇ ತ್ರಿಕೋನಮಿತಿ ತಲೆಗೆ ಹತ್ತಿತು ಎಂದೇ?

ಸಂದರ್ಶನದ ದಿನ ಅಪ್ಪ ಕೆಲಸ ಬಿಟ್ಟು ಜೊತೆಗೆ ಬಂದರು. ಅಪ್ಪನನ್ನು ಹೊರಗಿನ ಸೋಫಾದ ಮೇಲೆ ಬಿಟ್ಟು ಅವಳು ಒಳಗೆ ಹೋದಳು. ಉದ್ದ ಮೇಜಿನ ಆಚೆ ಇಬ್ಬರಿದ್ದರು. ಒಬ್ಬರು ನರೆಗೂದಲ ಪ್ರೊಫೆಸರು, ಇನ್ನೊಬ್ಬರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮೇಡಂ. ಉಯ್ಯಾಲೆ ಚಿಕ್ಕಮ್ಮನ ವಾಕ್ಯವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು. ಬಿದ್ದದ್ದು ಯಾಕೆ ಎಂದು ಕೇಳಿದರೆ ಸಾಕು, ಅದು ತಾನಾಗಿ ಉದುರುವಂತಿತ್ತು.

ಮೇಡಂ ಬೆರಳಿಟ್ಟದ್ದು ಬೇರೆ ಕಡೆ. "ಎಲ್ಲಾ ಕಡೆ ಏರುಪೇರಿದೆ. ಇಲ್ಲೊಂದು ಸಲ ಮಾತ್ರ ಎಲ್ಲಾದ್ರಲ್ಲೂ ಅದ್ಭುತವಾಗಿ ಮಾಡಿದೀಯ. ಹನ್ನೊಂದರ ಮೊದಲರ್ಧ. ಆಗ ಏನಾಯ್ತು?"

ನಾಲಿಗೆಯ ತುದಿಯಲ್ಲಿದ್ದದ್ದು ಉದುರಿಯೇಬಿಟ್ಟಿತು. "ಅಜ್ಜಿ ತೀರ್ಕೊಂಡ್ರು ಮೇಡಂ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಂದ್ರೆ, ಆಸ್ಪತ್ರೇಲಿ ಅವರ ಪಕ್ಕ ಕೂತು ಓದ್ತಿದ್ದೆ ಅಂತಾನಾ?" ಪ್ರೊಫೆಸರು ಕೈಗೊಂದು ಊರುಗೋಲು ಕೊಡುವವರಂತೆ ಕೇಳಿದರು.

"ಇಲ್ಲ ಸಾರ್. ಅಲ್ಲಿ ಪುಸ್ತಕ ತೆಗೀಲೇ ಇಲ್ಲ. ಅಜ್ಜಿ ಕಾಲು ಒತ್ತುತ್ತಾ ಇದ್ದೆ."

"ಚೆನ್ನಾಗಿ ಓದು ಅಂತ ಅವರೇನಾದ್ರೂ ಮಾತು ತಗೊಂಡಿದ್ರಾ?"

"ಇಲ್ಲ. ನಾನು ಯಾವ ಕ್ಲಾಸು ಅಂತಾನೂ ಅವರಿಗೆ ನೆನಪಿರಲಿಲ್ಲ."

"ಮತ್ತೆ ಹೇಗೆ ಬಂತು ಇಷ್ಟು?"

"ಗೊತ್ತಿಲ್ಲ ಸಾರ್," ಎಂದಳು. ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. "ಬಿದ್ದಿದ್ದೂ ಯಾಕೆ ಅಂತ ಗೊತ್ತಿಲ್ಲ. ಹತ್ತರಲ್ಲಿ ಮನೇಲಿ ಎಲ್ಲಾ ಚೆನ್ನಾಗೇ ಇತ್ತು. ದಿನಾ ಓದಿದೀನಿ. ಏನಾದ್ರೂ ಕಾರಣ ಹೇಳು ಅಂತ ಮನೇಲಿ ಹೇಳಿಕೊಟ್ಟಿದ್ರು, ಆದ್ರೆ ಅದು ತಾಳೆ ಆಗ್ತಿಲ್ಲ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಪ್ರೊಫೆಸರು ಬೆಳಕಿನ ವಕ್ರೀಭವನದ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ಉತ್ತರ ಬಂತು, ಇನ್ನೊಂದಕ್ಕೆ ಬರಲಿಲ್ಲ. ಹೋಗಬಹುದು ಎಂದರು.

ಹೊರಗೆ ಅಪ್ಪ ಸೋಫಾದ ಕೈಗಳನ್ನು ಒತ್ತಿ ಒತ್ತಿ ನೋಡುತ್ತಿದ್ದರು. "ಇದರೊಳಗೆ ಹಳೇ ಬಟ್ಟೆ ತುರುಕಿದಾರೆ, ಇಷ್ಟು ದೊಡ್ಡ ಕಾಲೇಜು!" ಎಂದು ಎದ್ದವರು ಅವಳ ಮುಖ ನೋಡಿ, "ಏನ್ ಕೇಳಿದ್ರು?" ಎಂದರು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅಪ್ಪನಿಗೆ ಆ ಮಾರ್ಕ್ಸಿನ ವಿಷಯ ಗೊತ್ತಾದದ್ದು ಆಗಲೇ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತರು. ಬಾಯಲ್ಲಿ ಮೊಳೆಗಳಿಲ್ಲದಿದ್ದರೂ ಮಾತಿಲ್ಲ.

ಆ ಮೌನ ಮನೆಗೂ ಬಂತು. ಊಟದ ಹೊತ್ತಿನಲ್ಲಿ, ಕೆಲಸದ ನಡುವೆ ಅಪ್ಪ ಅವಳನ್ನು ಸುತ್ತುಹಾಕಿ ಹೋಗುತ್ತಿದ್ದರು, ನಡುಮನೆಯಲ್ಲಿಟ್ಟ ಸಾಮಾನನ್ನು ಬಳಸಿ ಹೋಗುವ ಹಾಗೆ. "ಏನಾಗಿದೆ ನಿಮಗೆ?" ಎಂದು ಅಮ್ಮ ಕೇಳಿದರೆ ತಲೆಯಾಡಿಸಿಬಿಡುತ್ತಿದ್ದರು. ಉಯ್ಯಾಲೆಗೆ ತಾನೇನು ತಪ್ಪು ಮಾಡಿದೆ ಎಂದೇ ತಿಳಿಯಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದ್ದೇ ತಪ್ಪೇ? ಆ ನಿಜ ಇದ್ದದ್ದೇ ತಪ್ಪೇ?

ಒಂದು ಮಧ್ಯಾಹ್ನ ದೊಡ್ಡ ಸೋಫಾಗೆ ಮೆತ್ತೆಯಡಿಯ ಬಟ್ಟೆಪಟ್ಟಿ ಎಳೆದು ಹಿಡಿಯಲು ಎರಡನೇ ಜೋಡಿ ಕೈ ಬೇಕಾಯಿತು. ಅಮ್ಮ ಪೇಟೆಗೆ ಹೋಗಿದ್ದಳು. ಅಪ್ಪ ಅವಳನ್ನೇ ಕರೆಯಬೇಕಾಯಿತು. ಅವಳು ಪಟ್ಟಿಯ ಒಂದು ತುದಿಯನ್ನು ಮೈಯೆಲ್ಲ ಬಿಗಿದು ಎಳೆದು ನಿಂತಳು. ಅಪ್ಪ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡರು.

"ಒಂದು ಮಾತು ಕೇಳ್ತೀನಿ. ಅಜ್ಜಿ ಹೋದಾಗ ನಿನಗೆ ಬೇಜಾರಾಗಿತ್ತಾ?"

ಪಟ್ಟಿ ಅವಳ ಕೈಯಿಂದ ಜಾರಿ ಹೋಯಿತು.

"ಆಗಿತ್ತಪ್ಪ. ತುಂಬಾ ಆಗಿತ್ತು. ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಮಾರ್ಕ್ಸೂ ಬಂತು. ಎರಡೂ ಆಯ್ತು. ಯಾಕೆ ಅಂತ ನನ್ನ ಕೇಳ್ಬೇಡಿ, ನಿಜವಾಗ್ಲೂ ಗೊತ್ತಿಲ್ಲ."

ಅಪ್ಪ ಅಂಗೈಯಲ್ಲಿದ್ದ ಒದ್ದೆ ಮೊಳೆಗಳನ್ನು ನೋಡುತ್ತಾ ನಿಂತರು. "ನೀರು ದಂಡ ಮಾಡ್ತಾಳೆ ಅಂತ ನಿಮ್ಮಮ್ಮ ಆಗ ಬೈತಾ ಇದ್ದಳು" ಎಂದರು. ಆಮೇಲೆ, "ಹಂಗೂ ಆಗತ್ತೇನೋ. ಎಳಿ, ಬಿಗಿಯಾಗಿ ಎಳಿ" ಎಂದು ಬಗ್ಗಿದರು. ಸಂಜೆ ಊಟಕ್ಕೆ ಕೂತಾಗ ಅವಳ ತಟ್ಟೆಯನ್ನು ಅವರೇ ತಂದಿಟ್ಟರು.

ಕಾಲೇಜಿನ ಮೊದಲ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅಮ್ಮ ಎರಡು ದಿನ ಸಿಕ್ಕಿದ್ದಕ್ಕೆಲ್ಲ ಸಿಡುಕಿದಳು. ಉಯ್ಯಾಲೆ ಹತ್ತಿರದ ಇನ್ನೊಂದು ಕಾಲೇಜಿಗೆ ಸೇರುವುದೆಂದು ಮನಸ್ಸು ಗಟ್ಟಿಮಾಡಿಕೊಂಡಳು. ಎರಡನೇ ಪಟ್ಟಿಯಲ್ಲಿ ಹೆಸರು ಬಂತು. ಸೇರಲು ಹೋದ ದಿನ ಆಫೀಸಿನ ಗುಮಾಸ್ತರನ್ನು, "ಸಾರ್, ನನ್ನನ್ನ ಯಾಕೆ ತಗೊಂಡ್ರು ಅಂತ ಗೊತ್ತಾಗತ್ತಾ?" ಎಂದು ಕೇಳಿಯೇಬಿಟ್ಟಳು.

ಅವರು ತಲೆಯೆತ್ತದೆ, "ಯಾಕೆ ತಗೊಳ್ಳಲಿಲ್ಲ ಅಂತ ಕೇಳ್ಕೊಂಡು ಬರೋರನ್ನ ದಿನಾ ನೋಡ್ತೀನಿ. ಹೀಗೆ ಕೇಳಿದ್ದು ನೀವೇ ಮೊದಲು. ಇಲ್ಲಿ ಸಹಿ ಹಾಕಿ" ಎಂದರು.

ತರಗತಿಗಳು ಶುರುವಾದ ಬೆಳಿಗ್ಗೆ ಉದ್ದನೆಯ ಓಣಿಯಲ್ಲಿ ಸಂದರ್ಶನದ ಮೇಡಂ ಎದುರಾದರು. ಉಯ್ಯಾಲೆ ಗುಮಾಸ್ತರನ್ನು ಕೇಳಿದ್ದ ಮಾತನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡು, "ಮೇಡಂ..." ಎಂದಳು. ಮೇಡಂ ನಿಂತು, ಗುರುತಿಲ್ಲದ ಕಣ್ಣಿನಿಂದ ಅವಳನ್ನೂ ಅವಳ ಹೊಸ ಚೀಲವನ್ನೂ ನೋಡಿದರು.

"ಮೊದಲ ವರ್ಷಾನಾ? ಲ್ಯಾಬ್ ಆ ಕಡೆ, ಮೆಟ್ಟಿಲಿಳಿದು ಎಡಕ್ಕೆ. ಬೇಗ ಹೋಗು, ಬಾಗಿಲು ಹಾಕ್ಬಿಡ್ತಾರೆ."

"ಥ್ಯಾಂಕ್ಸ್ ಮೇಡಂ" ಎಂದು ಅವಳು ಮೆಟ್ಟಿಲ ಕಡೆಗೆ ಓಡಿದಳು.