ಶನಿವಾರದ ಎರಡು ಕಾರುಗಳು

ಶನಿವಾರ ಬೆಳಗ್ಗೆ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ನಮ್ಮ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಎರಡೇ ಕಾರು ನಿಂತಿರುತ್ತಿದ್ದವು. ಬಿಳಿಯದು ಬಾಸ್‌ದು. ಅದರಿಂದ ಮರ್ಯಾದೆಯ ದೂರದಲ್ಲಿ ನಿಂತ ಕೆಂಪಿನದು ನನ್ನದು. ಇವತ್ತಾದರೂ ಬಿಳಿ ಕಾರು ಇಲ್ಲದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಲೇ ನಾನು ಗೇಟಿನೊಳಗೆ ತಿರುಗುತ್ತಿದ್ದೆ. ಅದು ಇದ್ದೇ ಇರುತ್ತಿತ್ತು. ಜಪಾನೀ ಕಂಪನಿಗಳಲ್ಲಿ ನಮ್ಮ ದೇವರ ಶಿಫಾರಸು ನಡೆಯುವುದಿಲ್ಲವೆಂದು ಕಾಣುತ್ತದೆ.

ಟೋಕಿಯೋದ ಕಂಪನಿಯೊಂದರ ಸಣ್ಣ ಶಾಖೆ ಅದು. ಬಾಸನ್ನು ಅಲ್ಲಿಂದಲೇ ಕಳಿಸಿದ್ದರು. ಹೆಂಡತಿ, ಮಗಳು ಅಲ್ಲೇ ಉಳಿದಿದ್ದರು. ಐವತ್ತು ದಾಟಿದ, ಗರಿಗರಿ ಇಸ್ತ್ರಿಯ ಅಂಗಿಯ, ಬಾಗಿಲಲ್ಲಿ ಎದುರಾದರೆ ತಲೆ ಬಾಗಿಸಿ ನನಗೇ ಮೊದಲು ದಾರಿ ಬಿಡುವ ಮನುಷ್ಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಹಳಬರೊಬ್ಬರು ಕಿವಿಮಾತು ಹೇಳಿದ್ದರು: ಜಪಾನಿನ ಆಫೀಸುಗಳಲ್ಲಿ ದೊಡ್ಡವರು ಏಳುವ ಮುಂಚೆ ಚಿಕ್ಕವರು ಏಳಬಾರದು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಅರ್ಥ ಮಾಡಿಕೊಳ್ಳಬೇಕು. ನನಗಿದು ಹೊಸದೇನಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ತಾತ ಊಟ ಮುಗಿಸಿ ಏಳುವವರೆಗೂ ಕೈ ಒಣಗಿಸಿಕೊಂಡು ಎಲೆಯ ಮುಂದೆ ಕೂತು ಬೆಳೆದವಳು ನಾನು. ಉಳಿದ ಸಹೋದ್ಯೋಗಿಗಳು ಈ ಮಾತಿಗೆ ನಕ್ಕು, ಶುಕ್ರವಾರ ಮಧ್ಯಾಹ್ನವೇ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

ಶುಕ್ರವಾರ ಸಂಜೆ ಬಾಸು "ಹ್ಯಾವ್ ಎ ನೈಸ್ ವೀಕೆಂಡ್" ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ಶನಿವಾರ ಬೆಳಗ್ಗೆ ನೋಡಿದರೆ ಇಬ್ಬರೂ ಆಫೀಸಿನಲ್ಲಿ! ಅಲ್ಲ, ಹಾಗಾದರೆ ನಿನ್ನೆ ಹಾರೈಸಿದ್ದು ಯಾವ ವೀಕೆಂಡಿಗೆ? ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಬನ್ನಿ ಎಂದು ಅವರು ಹೇಳಿರಲಿಲ್ಲ, ಬರಬೇಡಿ ಎಂದೂ ಹೇಳಿರಲಿಲ್ಲ. ಗಾಜಿನ ಕೋಣೆಯೊಳಗೆ ಅವರು ಲ್ಯಾಪ್‌ಟಾಪ್ ನೋಡುತ್ತಿದ್ದರು, ಹೊರಗೆ ನಾನು ನನ್ನದನ್ನು ನೋಡುತ್ತಿದ್ದೆ. ತಲೆ ಹೋಗುವಂಥ ಕೆಲಸವೇನೂ ಇರುತ್ತಿರಲಿಲ್ಲ. ಊಟದ ಹೊತ್ತು ಮೀರಿದರೂ ಅವರು ಏಳರು. ಅವರು ಏಳದೆ ನಾನು ಹೇಗೆ ಏಳಲಿ?

ಈ ಗೊಂದಲದಲ್ಲಿ ನನ್ನ ಕೈತಪ್ಪುತ್ತಿದ್ದದ್ದು ಮಗಳ ಈಜಿನ ಕ್ಲಾಸು. ಆರು ವರ್ಷದ ಹುಡುಗಿ, ನೀರಿಗೆ ಇಳಿಯುತ್ತಾಳೆ, ಆದರೆ ತಲೆ ಮುಳುಗಿಸು ಎಂದರೆ ಅಂಚನ್ನು ಗಟ್ಟಿಯಾಗಿ ಹಿಡಿದು ಅಳುತ್ತಾಳೆ. ಅವಳದು ಒಂದೇ ಹಟ: ಅಮ್ಮ ಬಂದು ಪೂಲಿನ ಅಂಚಲ್ಲಿ ಕೂತರೆ ಮುಳುಗುತ್ತೇನೆ. ನನ್ನ ಗಂಡನಿಗೆ ಶನಿವಾರ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಡ್ಯೂಟಿ. ಹಾಗಾಗಿ ಪಕ್ಕದ ಅಪಾರ್ಟ್‌ಮೆಂಟಿನ ಆಂಟಿ ತಮ್ಮ ಮಗುವಿನ ಜೊತೆ ಇವಳನ್ನೂ ಕರೆದೊಯ್ಯುತ್ತಿದ್ದರು. ಪ್ರತಿ ಸಲವೂ ಒಣ ತಲೆಗೂದಲಿನಲ್ಲೇ ವಾಪಸು ಬರುತ್ತಿದ್ದಳು. ಮನೆಗೆ ಬಂದವಳೇ ನಾನು ಮೊದಲು ಮುಟ್ಟಿ ನೋಡುತ್ತಿದ್ದದ್ದು ಆ ಒಣ ಕೂದಲನ್ನು.

"ಹೋಗ್ಬೇಡ ಕಣೇ. ಏನ್ ಮಾಡ್ತಾರೆ, ಗಲ್ಲಿಗೆ ಹಾಕ್ತಾರಾ?" ಎಂದ ಗಂಡ.

"ಹೋಗ್ದಿದ್ರೆ ಅವ್ರು ಏನೂ ಮಾಡಲ್ಲ ರೀ, ಏನೂ ಅನ್ನೋದೂ ಇಲ್ಲ. ಅದೇ ಭಯ" ಎಂದೆ.

ಒಂದು ಶನಿವಾರ ಪಕ್ಕದ ಆಂಟಿಯ ಮನೆಯವರೆಲ್ಲ ಶಾಪಿಂಗಿಗೆಂದು ಗಿಲ್‌ರಾಯ್‌ಗೆ ಹೊರಟರು. ಬೇರೆ ದಾರಿಯಿಲ್ಲದೆ ಮಗಳನ್ನು ಆಫೀಸಿಗೇ ಕರೆದುಕೊಂಡು ಹೋದೆ. ಸದ್ದು ಮಾಡದೆ ಬಣ್ಣ ಹಚ್ಚುತ್ತಾ ಕೂರಬೇಕೆಂದು ಸಾವಿರ ಸಲ ಹೇಳಿದ್ದೆ. ನಾನು ಕಾಫಿಗೆ ಹೋಗಿ ಬರುವಷ್ಟರಲ್ಲಿ ಈ ಮಹಾರಾಯ್ತಿ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಬಾಸನ್ನು ವಿಚಾರಿಸುತ್ತಿದ್ದಳು.

"ನೀವು ಶನಿವಾರ ಯಾಕೆ ಕೆಲಸಕ್ಕೆ ಬರ್ತೀರಿ?"

ಬಾಸು ಕುರ್ಚಿಯಿಂದ ಎದ್ದು ನಿಂತು, ದೊಡ್ಡವರಿಗೆ ಕೊಡುವಂತೆಯೇ ಉತ್ತರ ಕೊಟ್ಟರು. "ನಿಮ್ಮಮ್ಮ ಬರ್ತಾರಲ್ಲ, ಅದಕ್ಕೆ. ಒಂದು ಶನಿವಾರ ನಾನು ಚಾರ್ಜರ್ ತಗೊಂಡು ಹೋಗೋಕೆ ಬಂದಿದ್ದೆ. ಅವರೊಬ್ಬರೇ ಕೂತು ಕೆಲಸ ಮಾಡ್ತಿದ್ರು. ಅವರನ್ನ ಒಂಟಿಯಾಗಿ ಬಿಟ್ಟು ನಾನು ಮನೇಲಿ ಕೂರೋದು ಸರಿಯಲ್ಲ."

"ಆದ್ರೆ ಅಮ್ಮ ಬರೋದು ನೀವು ಬರ್ತೀರಿ ಅಂತ!"

ನನ್ನ ಕೈಯಲ್ಲಿದ್ದ ಕಾಫಿ ಕಾರ್ಪೆಟ್ಟಿನ ಮೇಲೆ ಚೆಲ್ಲಿತು. ಆಗ ನೆನಪಾಯಿತು. ಮೊದಲ ಶನಿವಾರ ಮನೆಯಲ್ಲಿ ವೈಫೈ ಕೆಟ್ಟಿದ್ದರಿಂದ ಒಂದು ಚೂರು ಕೆಲಸ ಮುಗಿಸಲು ಬಂದಿದ್ದೆ. ಅವರು ಚಾರ್ಜರ್‌ಗೆಂದು ಬಂದದ್ದು ಅಂದೇ ಇರಬೇಕು, ನಾನು ಗಮನಿಸಿರಲಿಲ್ಲ. ಮುಂದಿನ ವಾರ ಮರೆತುಹೋದ ಛತ್ರಿಗೆಂದು ಬಂದರೆ ಇವರು ಕೂತಿದ್ದರು. ಓಹೋ, ಇಲ್ಲಿ ಶನಿವಾರವೂ ಬರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ಅಲ್ಲಿಂದೀಚೆಗೆ ಅವರು ನನ್ನನ್ನು ಕಾದರು, ನಾನು ಅವರನ್ನು ಕಾದೆ. ನಗಬೇಕೋ ಅಳಬೇಕೋ ತಿಳಿಯದೆ ಟಿಶ್ಯೂ ಹಿಡಿದು ಕಾರ್ಪೆಟ್ ಒರೆಸತೊಡಗಿದೆ. ಅವರೂ ಬಗ್ಗಿ ಒರೆಸಿದರು. ಕಿವಿ ಕೆಂಪಾಗಿತ್ತು ಪಾಪ.

"ಮುಂದಿನ ಶನಿವಾರ ದಯವಿಟ್ಟು ವಿಶ್ರಾಂತಿ ತಗೊಳ್ಳಿ" ಎಂದರು. ನೀವೂ ತಗೊಳ್ಳಿ ಎಂದೆ. ಆಮೇಲೆ ಮೊದಲು ಹೊರಡುವವರು ಯಾರು ಎಂಬ ಪೇಚಾಟ ಶುರುವಾಯಿತು. ಕೊನೆಗೆ ಮಗಳು ಇಬ್ಬರ ಕೈಯನ್ನೂ ಹಿಡಿದು ಲಿಫ್ಟಿಗೆ ಎಳೆದಳು.

ಮುಂದಿನ ಶನಿವಾರ ನಾನು ಪೂಲಿನ ಅಂಚಲ್ಲಿ ಕಾಲು ಇಳಿಬಿಟ್ಟು ಕೂತೆ. ಮಗಳು ನನ್ನನ್ನೊಮ್ಮೆ ನೋಡಿದಳು, ಮೂಗು ಹಿಡಿದಳು, ಮುಳುಗಿಯೇಬಿಟ್ಟಳು. ಮೇಲೆದ್ದು ಕೆಮ್ಮುತ್ತಾ "ಅಮ್ಮಾ, ಡಿಡ್ ಯೂ ಸೀ?" ಎಂದು ಕಿರುಚಿದಳು. ನೋಡಿದೆ ಕಂದ, ನೋಡಿದೆ. ಸುತ್ತ ಜನ ಇದ್ದರೂ ನನಗೆ ಅಳು ಬಂತು.

ಮನೆಯ ದಾರಿ ಆಫೀಸಿನ ಮುಂದೆಯೇ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅಭ್ಯಾಸಬಲದಿಂದ ಆ ಕಡೆ ನೋಡಿದೆ. ಲಾಟಿನಲ್ಲಿ ಬಿಳಿ ಕಾರು ಒಂದೇ ನಿಂತಿತ್ತು.

"ಈಗ ಯಾರಿಗೋಸ್ಕರ ಬಂದಿದ್ದಾರೆ?" ಎಂದಳು ಮಗಳು, ಇಂಗ್ಲಿಷಿನಲ್ಲೇ. ನನಗೇನು ಗೊತ್ತು? ಹೋಗಬಾರದು ಎಂದು ಮನಸ್ಸು ಹೇಳುತ್ತಿತ್ತು, ಕೈ ಆಗಲೇ ಇಂಡಿಕೇಟರ್ ಹಾಕಿತ್ತು.

ನಮ್ಮನ್ನು ಕಂಡದ್ದೇ ಬಾಸು ಗಡಬಡಿಸಿ ಎದ್ದರು. ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ತೆರೆದೇ ಇರಲಿಲ್ಲ. ಪಕ್ಕದಲ್ಲಿ ಅಕ್ಕಿ ಬಿಸ್ಕತ್ತಿನ ಪೊಟ್ಟಣವಿತ್ತು. "ನೀವು ಮರೆತು ಬಂದ್ಬಿಟ್ರೆ ಒಬ್ಬರೇ ಆಗ್ತೀರಲ್ಲ, ಅದಕ್ಕೆ ಬಂದೆ" ಎಂದರು. ಅದು ನಿಜವೋ, ಖಾಲಿ ಅಪಾರ್ಟ್‌ಮೆಂಟಿನಲ್ಲಿ ಕೂರಲಾರದೆ ಬಂದರೋ, ನನಗೆ ಈಗಲೂ ಗೊತ್ತಿಲ್ಲ. ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

ಮಗಳು ಆಗಲೇ ಬಿಸ್ಕತ್ತು ಕಡಿಯುತ್ತಿದ್ದಳು. ಅವಳ ಕೂದಲಿನಿಂದ ನೀರು ಆ ಕಾಫಿ ಕಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾನು ತಲೆ ಮುಳುಗಿಸಿದೆ, ಗೊತ್ತಾ? ನೆಕ್ಸ್ಟ್ ಶನಿವಾರ ನೀವೂ ಬನ್ನಿ, ಅಂಚಲ್ಲಿ ಕೂತ್ಕೋಬಹುದು" ಎಂದಳು ಅವರಿಗೆ.

ಅವರು ಒಪ್ಪಿಗೆ ಕೇಳುವವರಂತೆ ನನ್ನ ಮುಖ ನೋಡಿದರು. ನಾನು ಒಪ್ಪಿಗೆ ಕೊಡುವ ಮುಂಚೆ, ಬಾಸಲ್ಲವೇ, ಅವರು ಏನನ್ನುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತಾ ನಿಂತೆ.