ಅವ್ವನ ಹೆಸರಿನ ಲೋಟ

ಪುಸ್ತಕದಾಗಿನ ಚಿತ್ರ ತೋರಿಸಿ ಬೀಜದ ಪಾಠ ಮಾಡೋದು ನನಗ ಮೊದಲಿಂದ ಸೇರಂಗಿಲ್ಲ. ಜೀವ ಇರೋದು ಕಣ್ಣಮುಂದ ಇರಬೇಕು. ಮೊಗುಡಂಪಲ್ಲಿ ಕಡಿ ಸಾಲಿಗೆ ಬಂದ ವರ್ಷ ಕುರಿಮರಿ ತರಿಸಿ ಮಕ್ಕಳ ಕಡಿಂದ ಅದರ ಹಲ್ಲು ಎಣಿಸಿದ್ದೆ. ಹೆಡ್ ಮಾಸ್ತರ್ರು ಬೈದ್ರು. ನಾ ಬಿಡಲಿಲ್ಲ.

ಹೋದ ವರ್ಷ ಐದನೇ ಕ್ಲಾಸಿನವರಿಗೆ ಚಹಾದ ಕಾಗದದ ಲೋಟದಾಗ ಜೋಳ ಹಾಕಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಲೋಟ, ಮ್ಯಾಲ ಹೆಸರು. ನನ್ನದೂ ಒಂದು. ದಸರಾ ಹತ್ತಿರ ಬಂದಿತ್ತು. ನಮ್ಮ ಕಡಿ ದಸರಾಕ್ಕ ಮನಿಮನ್ಯಾಗ ಘಟ ಕೂಡಿಸಿ, ಸುತ್ತ ಮಣ್ಣಾಗ ಕಾಳು ಹಾಕ್ತಾರ. ಸಸಿ ಹೆಂಗ ಬಂತು ಅನ್ನೋದ್ರಾಗ ಮನಿಯವರ ಹಣೆಬರಹ ನೋಡ್ತಾರ. ಅಂಥಾ ಹೊತ್ತಿನಾಗ ಹೆಸರು ಬರೆಸಿ ಕಾಳು ಹಾಕಿಸಿದ ನನ್ನ ಬುದ್ಧಿಗೆ ಏನನ್ನಬೇಕು! ಇಲ್ಲೇ ಹುಟ್ಟಿ ಬೆಳೆದಾಕಿ ನಾನು.

ಕುರಿ ಸಾಕೋರ ಮನಿ ಹುಡುಗಿ ಒಬ್ಬಾಕಿ ಕೇಳಿದ್ಲು, "ಟೀಚರ್ರಿ, ನನ್ನ ಲೋಟದ ಮ್ಯಾಲ ನಮ್ಮವ್ವನ ಹೆಸರು ಬರೀಲೇನ್ರಿ?" ಅವ್ವ ಹೆರಿಗಿಗಂತ ಜಹೀರಾಬಾದ್ ದವಾಖಾನಿ ಸೇರಿದ್ಲು. ಮೈಯಾಗ ರಕ್ತ ಇಲ್ಲ ಅಂದಿದ್ರಂತ. "ಬರಿಯವ್ವ" ಅಂದೆ, ನಕ್ಕೊಂತ.

ಮೂರನೇ ದಿನಕ್ಕ ಎಲ್ಲಾ ಲೋಟದಾಗ ಮೊಳಕಿ. ಆ ಒಂದರಾಗ ಇಲ್ಲ. ನಾಲ್ಕನೇ ದಿನಾನೂ ಬರೇ ಮಣ್ಣು. ಕಿಟಕಿ ಕಟ್ಟಿಮ್ಯಾಲ ಉಳಿದ ಲೋಟ ಎಲ್ಲಾ ಅದರಿಂದ ಗೇಣು ದೂರ ಸರಿದಿರ್ತಿದ್ವು. ನಾ ಹತ್ತಿರ ಒತ್ತಿ ಇಡ್ತಿದ್ದೆ. ಊಟದ ಗಂಟಿ ಆಗಿ ಬಂದ್ರ ಮತ್ತ ಗೇಣು ದೂರ. ಯಾರು ಸರಿಸಿದ್ದು ಅಂತ ಬೈದ್ರ ಕ್ಲಾಸಿಗೆ ಕ್ಲಾಸೇ ನನ್ನ ಮಾರಿ ನೋಡ್ತಿತ್ತು, ರೆಪ್ಪಿ ಬಡೀದಂಗ. "ಹುಳ ಹಿಡಿದ ಕಾಳು ಅದು, ತಿಳೀತಿಲ್ಲೋ?" ಅಂತ ಒದರಿದೆ. ಖರೇ ಹೇಳ್ತೀನಿ, ನನಗೂ ಅಂಜಿಕಿ ಬಂದಿತ್ತು.

ಆರನೇ ದಿನ ಮಕ್ಕಳು ಊಟಕ್ಕ ಹೋದಾಗ ನನ್ನ ಲೋಟದಾಗಿನ ಸಸಿ ಬೇರುಸಹಿತ ಎಬ್ಬಿಸಿ ಆಕಿ ಲೋಟದಾಗ ಊರಿದೆ. ನನ್ನ ಲೋಟ ಟೇಬಲ್ ಕೆಳಗ ಮುಚ್ಚಿಟ್ಟೆ.

ರೈತರ ಮಕ್ಕಳಿಗೆ ಮೋಸ ಮಾಡಾಕ ಆಗ್ತದೇನು! ಊಟ ಮಾಡಿ ಬರೋದ್ರಾಗ ಬೆರಳುದ್ದದ ಸಸಿ ಹೆಂಗ ಬರ್ತದ? ಆಕಿ ಬಂದು ನೋಡಿದ್ಲು, ಬುಡದ ಹಸಿ ಮಣ್ಣು ಮುಟ್ಟಿದ್ಲು.

"ಇದು ಯಾರದ್ರಿ?"

"ನಂದವ್ವ. ಇಟ್ಕೋ."

ಆಕಿ ಟೇಬಲ್ ಕೆಳಗ ಬಗ್ಗಿ ನನ್ನ ಲೋಟ ತೆಗೆದ್ಲು. ಸಸಿ ಕಿತ್ತು ಅದರಾಗ ಇಟ್ಟು, ಎರಡೂ ಹೆಬ್ಬೆರಳಿಲೆ ಮಣ್ಣು ಒತ್ತಿದ್ಲು. "ಬ್ಯಾಡ್ರಿ. ನಿಮಗೂ ಸಣ್ಣ ಮಕ್ಕಳದಾವ" ಅಂದ್ಲು.

ಆಮ್ಯಾಲ ಪುಸ್ತಕ ಚೀಲಕ್ಕ ತುಂಬಿ ಬಾಗಿಲ ಕಡಿ ಮಾರಿ ಮಾಡಿ ಕೂತ್ಲು. ಯಾಕವ್ವ ಅಂದ್ರ, "ಅಪ್ಪ ಬರ್ತಾನ್ರಿ" ಅಂದ್ಲು. ಯಾರೂ ಫೋನ್ ಮಾಡಿರಲಿಲ್ಲ, ಯಾರೂ ಹೇಳಿ ಕಳಿಸಿರಲಿಲ್ಲ. ಸಾಲಿ ಬಿಡೋಕ್ಕಿಂತ ಮೊದಲ ಆಕಿ ಅಪ್ಪ ಗೇಟಿನ ಹತ್ತಿರ ಬಂದು ನಿಂತ. ತಲಿಮ್ಯಾಲ ರುಮಾಲ ಇರಲಿಲ್ಲ. ಆತ ಕರೆಯಲೂ ಇಲ್ಲ, ಈಕಿ ಎದ್ದು ಹೋದ್ಲು.

ರಕ್ತ ಏರಿಸಿದ್ರೂ ಅವ್ವ ಉಳೀಲಿಲ್ಲಂತ. ಅದೇ ಖರೇ ಇರಬೇಕು, ವಿಜ್ಞಾನ ಕಲಿಸೋಳು ನಾನು. ಆದ್ರೂ ಈಗೂ ಒಂದು ಮಾತು ಅನ್ಕೋತೀನಿ. ಸಸಿ ಹೊಲದಾಗಿಂದ ಕಿತ್ತು ತಂದೀನಿ ಅಂತ ಒಂದು ಸುಳ್ಳು ಹೇಳಿದ್ರ, ಆ ಹುಡುಗಿ ಅದನ್ನ ಇಟ್ಕೋತಿದ್ಲು.